ಕಾಯಿಲ್‌ಓವರ್ ಹಾಕಿಸಿದ ಮೇಲೆ ಪಿಕಪ್ ಯಾಕೆ ಎತ್ತಿ ಎತ್ತಿ ಹಾಕುತ್ತೆ?

ಪ್ರಶ್ನೆ: ನನ್ನದು ಡಬಲ್ ಕ್ಯಾಬ್ ಪಿಕಪ್. ಮುಂದಿನ ಎರಡೂ ಚಕ್ರಗಳಿಗೆ ಅಡ್ಜಸ್ಟ್ ಮಾಡಬಹುದಾದ ಕಾಯಿಲ್‌ಓವರ್, ಅಂದರೆ ಶಾಕ್ ಮತ್ತು ಅದರ ಸುತ್ತ ಕೂರುವ ಸ್ಪ್ರಿಂಗ್ ಸೇರಿದ ಜೋಡಿ, ಹಾಕಿಸಿದ್ದೇನೆ. ಹಿಂದೆ ಕಂಪನಿಯ ಲೀಫ್ ಸ್ಪ್ರಿಂಗ್‌ಗಳೇ ಇವೆ, ಶಾಕ್ ಮಾತ್ರ ಹೊಸದು. ಸ್ಪ್ರಿಂಗ್ ಒತ್ತಿ ಹಿಡಿಯುವ ರಿಂಗ್ ತಿರುಗಿಸಿ ಮುಂಭಾಗವನ್ನು ಸುಮಾರು 50 ಮಿ.ಮೀ. ಎತ್ತಿಸಿದ್ದೇನೆ. ಆಗಿನಿಂದ ಸಣ್ಣ ಉಬ್ಬು ತಗ್ಗಿಗೂ ಸ್ಟೀರಿಂಗ್‌ಗೆ ಏಟು ಬರುತ್ತದೆ. ಚಕ್ರ ಗುಂಡಿಗೆ ಇಳಿದಾಗ ‘ಟಕ್’ ಎಂಬ ಸದ್ದು. ಮೆತ್ತಗಾಗಲಿ ಅಂತ ಶಾಕ್‌ನ ಎರಡೂ ನಾಬ್‌ಗಳನ್ನು ಪೂರ್ತಿ ಸಾಫ್ಟ್ ಕಡೆಗೆ ತಿರುಗಿಸಿದೆ. ಏಟು ಹೋಗಲಿಲ್ಲ, ಅದರ ಮೇಲೆ ಹೆದ್ದಾರಿಯಲ್ಲಿ ಗಾಡಿಯ ಮೂತಿ ತೇಲಾಡಲು ಶುರುವಾಯಿತು. ಎಷ್ಟು ಕ್ಲಿಕ್ ಇಡಬೇಕು? ಇಲ್ಲಾ ಸ್ಪ್ರಿಂಗ್ ಬದಲಿಸಬೇಕೇ?

ಉತ್ತರ: ಕ್ಲಿಕ್ ಲೆಕ್ಕಕ್ಕೆ ಆಮೇಲೆ ಬರೋಣ. ನೀವು ಹೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಚಕ್ರ ಗುಂಡಿಗೆ ಇಳಿದಾಗ ಬರುವ ಆ ‘ಟಕ್’ ಸದ್ದು. ಚಕ್ರ ಉಬ್ಬು ಹತ್ತುವಾಗ ಮಾತ್ರ ಏಟು ಬಂದಿದ್ದರೆ ಶಾಕ್ ಬಿಗಿ ಇದೆ ಅಂತ ಅನುಮಾನಪಡಬಹುದಿತ್ತು. ಚಕ್ರ ಕೆಳಗಿಳಿಯುವಾಗ ಸದ್ದು ಬರುತ್ತಿದೆ ಅಂದರೆ ಶಾಕ್‌ನ ರಾಡ್ ಪೂರ್ತಿ ಹೊರಗೆ ಚಾಚಿಕೊಂಡು, ಇನ್ನು ಚಾಚಲು ಜಾಗವಿಲ್ಲದೆ, ಒಳಗಿನ ತಡೆಗೆ ಬಡಿಯುತ್ತಿರಬೇಕು. ಇದಕ್ಕೆ ಟಾಪ್‌ಔಟ್ ಅನ್ನುತ್ತಾರೆ. ನಾಬ್ ತಿರುಗಿಸಿ ಇದರ ಸದ್ದನ್ನು ಸ್ವಲ್ಪ ಅಡಗಿಸಬಹುದು, ತೊಂದರೆಯನ್ನು ತೆಗೆಯಲು ಆಗುವುದಿಲ್ಲ. ಅದು ಬಂದಿರುವುದು ರಿಂಗ್‌ನಿಂದ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇದೇ ತರಹದ ಸದ್ದು ಕಾಯಿಲ್‌ಓವರ್‌ನ ಕೆಳಗಿನ ಬೋಲ್ಟ್ ಸಡಿಲವಿದ್ದರೂ ಬರುತ್ತದೆ, ಬಾಲ್ ಜಾಯಿಂಟ್ ಸವೆದಿದ್ದರೂ ಬರುತ್ತದೆ, ಎಡಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್‌ನ ಲಿಂಕ್ ಹೋಗಿದ್ದರೂ ಬರುತ್ತದೆ. ಹೊಸದಾಗಿ ಕೆಲಸ ಮಾಡಿಸಿದ ಗಾಡಿ ಆದ್ದರಿಂದ ಬೋಲ್ಟ್‌ಗಳನ್ನೆಲ್ಲ ಒಮ್ಮೆ ಟಾರ್ಕ್ ರೆಂಚ್ ಹಿಡಿದು ನೋಡಿ. ಅವೆಲ್ಲ ಸರಿಯಿದ್ದರೆ ಮುಂದೆ ಓದಿ.

ರಿಂಗ್ ತಿರುಗಿಸಿದರೆ ನಿಜಕ್ಕೂ ಏನಾಗುತ್ತದೆ

ರಿಂಗ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಗ್ಯಾರೇಜ್‌ಗಳಲ್ಲೂ ಹಾಗೇ ಹೇಳುವವರಿದ್ದಾರೆ. ಅದು ಸರಿಯಲ್ಲ. ಒಂದೇ ದಪ್ಪ, ಒಂದೇ ಅಂತರದಲ್ಲಿ ಸುತ್ತಿದ ಮಾಮೂಲಿ ಸ್ಪ್ರಿಂಗ್‌ನ ಗಟ್ಟಿತನ ರಿಂಗ್ ಎಲ್ಲಿದ್ದರೂ ಬದಲಾಗುವುದಿಲ್ಲ. ಗಾಡಿ ನಿಂತಾಗ ಸ್ಪ್ರಿಂಗ್ ಎಷ್ಟು ಕುಗ್ಗಬೇಕು ಅನ್ನುವುದನ್ನು ಅದರ ಮೇಲಿನ ತೂಕ ತೀರ್ಮಾನಿಸುತ್ತದೆ, ರಿಂಗ್ ಅಲ್ಲ. ತಕ್ಕಡಿಯನ್ನು ನೆಲದಿಂದ ಎತ್ತಿ ಮೇಜಿನ ಮೇಲಿಟ್ಟರೆ ಮೂಟೆಯ ತೂಕ ಹೆಚ್ಚಾಗುತ್ತದೆಯೇ? ಇಲ್ಲೂ ಅಷ್ಟೆ, ಗಾಡಿ ಎತ್ತರಕ್ಕೆ ಹೋಗುತ್ತದೆ, ಸ್ಪ್ರಿಂಗ್ ಹೊತ್ತಿರುವ ಭಾರ ಅಷ್ಟೇ ಇರುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮುಂದಿನ ಒಂದು ಚಕ್ರದ ಮೇಲೆ ಬಾಡಿಯ ತೂಕ 500 ಕೆ.ಜಿ. ಇದೆ ಅಂದುಕೊಳ್ಳಿ. ಪಿಕಪ್‌ಗಳಲ್ಲಿ ಕಾಯಿಲ್‌ಓವರ್ ಕೂರುವುದು ಚಕ್ರದ ನೇರಕ್ಕಲ್ಲ, ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ಆರ್ಮ್‌ನ ನಡುಮಧ್ಯದ ಹತ್ತಿರ. ಹಾಗಾಗಿ ಚಕ್ರ 100 ಮಿ.ಮೀ. ಮೇಲೆ ಹೋದರೆ ಶಾಕ್ ಅದರ ಅರ್ಧದಷ್ಟೋ, ಸ್ವಲ್ಪ ಜಾಸ್ತಿಯೋ ಕುಗ್ಗುತ್ತದೆ. 55 ಮಿ.ಮೀ. ಅಂತ ಇಟ್ಟುಕೊಳ್ಳೋಣ. ಆಗ ಸ್ಪ್ರಿಂಗ್ ಮೇಲೆ ಬೀಳುವುದು 500 ಅಲ್ಲ, ಸುಮಾರು 900 ಕೆ.ಜಿ. ಭಾರ. ಸ್ಪ್ರಿಂಗ್ ಗಟ್ಟಿತನ ಮಿಲಿಮೀಟರಿಗೆ 105 ನ್ಯೂಟನ್ ಇದ್ದರೆ, ಅಂದರೆ ಸ್ಪ್ರಿಂಗ್ ಮೇಲೆ 600 ಪೌಂಡ್ ಅಂತ ಅಚ್ಚಾಗಿರುವ ಬಗೆಯದಾದರೆ, ಅದು ಈ ಭಾರಕ್ಕೆ ಸುಮಾರು 85 ಮಿ.ಮೀ. ಕುಗ್ಗುತ್ತದೆ.

ಈಗ ರಿಂಗ್ ವಿಷಯ. ಚಕ್ರ ಗಾಳಿಯಲ್ಲಿ ನೇತಾಡುವಾಗಲೂ ರಿಂಗ್ ಆ ಸ್ಪ್ರಿಂಗನ್ನು 40 ಮಿ.ಮೀ. ಒತ್ತಿ ಇಟ್ಟಿದೆ ಅನ್ನಿ. ಇದೇ ಪ್ರೀಲೋಡ್. ಚಕ್ರ ನೆಲಕ್ಕೆ ತಾಗಿ ತೂಕ ಬಿದ್ದಾಗ ಸ್ಪ್ರಿಂಗ್ ಇನ್ನು 45 ಮಿ.ಮೀ. ಮಾತ್ರ ಕುಗ್ಗಿದರೆ ಸಾಕು. ಶಾಕ್ 45 ಮಿ.ಮೀ. ಒಳಗೆ ಹೋಗುತ್ತದೆ, ಚಕ್ರದ ಲೆಕ್ಕದಲ್ಲಿ ಅದು ಸುಮಾರು 82 ಮಿ.ಮೀ. ಅಂದರೆ ಗಾಡಿ ನಿಂತ ಜಾಗದಿಂದ ಚಕ್ರ ಕೆಳಗೆ ಇಳಿಯಲು 82 ಮಿ.ಮೀ. ಅವಕಾಶವಿದೆ. ನೀವು ರಿಂಗನ್ನು ಇನ್ನೊಂದು 20 ಮಿ.ಮೀ. ಇಳಿಸಿದಿರಿ. ಪ್ರೀಲೋಡ್ 60 ಆಯಿತು, ಶಾಕ್‌ಗೆ ಕುಗ್ಗಲು ಉಳಿದದ್ದು 25. ಮುಂಭಾಗ ಸುಮಾರು 36 ಮಿ.ಮೀ. ಮೇಲೆದ್ದಿತು, ನೋಡಲು ಚೆಂದವೂ ಆಯಿತು. ಆದರೆ ಚಕ್ರ ಇಳಿಯಲು ಉಳಿದ ಜಾಗ 45 ಮಿ.ಮೀ. ಮಾತ್ರ. ಮೇಲೆತ್ತಿದ ಒಂದೊಂದು ಮಿಲಿಮೀಟರೂ ಕೆಳಗಿನ ಜಾಗದಿಂದ ಕಿತ್ತುಕೊಂಡದ್ದು. ನೀವು ಎತ್ತಿಸಿದ್ದು 50. ಕಾಯಿಲ್‌ಓವರ್ ಕಂಪನಿಯ ಶಾಕ್‌ಗಿಂತ ಸ್ವಲ್ಪ ಉದ್ದ ಇದ್ದರೆ ಅದರಲ್ಲಿ ಒಂದಿಷ್ಟು ಮರಳಿ ಸಿಕ್ಕಿರುತ್ತದೆ, ಪೂರ್ತಿ ಸಿಕ್ಕಿರುವುದಿಲ್ಲ.

ಚಕ್ರ ಇಳಿಯುವ ಈ ಜಾಗಕ್ಕೆ ಡ್ರೂಪ್ ಅನ್ನುತ್ತಾರೆ. ಸವಾರಿಯ ಸುಖ ಅರ್ಧಕ್ಕರ್ಧ ಇರುವುದು ಇದರಲ್ಲೇ, ಆದರೆ ಇದರ ಬಗ್ಗೆ ಯಾರೂ ಮಾತಾಡುವುದೇ ಇಲ್ಲ. ನಮ್ಮ ಗಮನವೆಲ್ಲ ಉಬ್ಬಿನ ಮೇಲೆ. ಗುಂಡಿ ಬಂದಾಗ ಚಕ್ರ ತಾನೇ ಕೆಳಗಿಳಿದು ರಸ್ತೆ ಹಿಡಿದರೆ ಬಾಡಿಗೆ ಗುಂಡಿ ಇದ್ದದ್ದೇ ಗೊತ್ತಾಗುವುದಿಲ್ಲ. ಇಳಿಯಲು ಜಾಗ ಇಲ್ಲದಿದ್ದರೆ ಚಕ್ರದ ಜೊತೆ ಬಾಡಿಯೂ ಗುಂಡಿಗೆ ಬೀಳುತ್ತದೆ, ಆಮೇಲೆ ಗುಂಡಿಯ ಆಚೆ ಅಂಚಿಗೆ ಹೊಡೆದುಕೊಂಡು ಮೇಲೇಳುತ್ತದೆ. ಒಂದೇ ಗುಂಡಿಗೆ ಎರಡು ಏಟು. ಅದರ ಜೊತೆಗೆ 60 ಮಿ.ಮೀ. ಪ್ರೀಲೋಡ್ ಇರುವ ಸ್ಪ್ರಿಂಗ್ ಪೂರ್ತಿ ಚಾಚಿದ ಶಾಕನ್ನೂ 600 ಕೆ.ಜಿ.ಗಿಂತ ಹೆಚ್ಚಿನ ಬಲದಿಂದ ಇನ್ನೂ ಹೊರಗೆ ತಳ್ಳುತ್ತಿರುತ್ತದೆ. ‘ಟಕ್’ ಅನ್ನದೆ ಇನ್ನೇನು ಮಾಡೀತು?

ಹಾಗಾಗಿ ನನ್ನ ಮೊದಲ ಸಲಹೆ: ಗಾಡಿಯನ್ನು ಇಳಿಸಿ. 50 ಮಿ.ಮೀ. ಎತ್ತಿಸಿರುವುದನ್ನು 25ರಿಂದ 30ಕ್ಕೆ ತನ್ನಿ. ನೋಟ ಸ್ವಲ್ಪ ತಗ್ಗುತ್ತದೆ, ನಿಮಗೆ ಬೇಸರವಾಗಬಹುದು, ಗೊತ್ತು. ಆದರೆ ನೀವು ಕೇಳಿದ್ದು ಸುಖವಾದ ಸವಾರಿ. ಅದಕ್ಕೆ ಇದಕ್ಕಿಂತ ದೊಡ್ಡ ಲಾಭ ಕೊಡುವ ಅಡ್ಜಸ್ಟ್‌ಮೆಂಟ್ ಇನ್ನೊಂದಿಲ್ಲ.

ಅಳತೆ ಮತ್ತು ರಿಂಗ್ ಕೆಲಸ

ಅಳತೆಯನ್ನು ನೆಲದಿಂದ ತೆಗೆಯಬೇಡಿ. ಟೈರ್ ಗಾಳಿ, ಟೈರ್ ಸವೆತ ಎಲ್ಲ ಸೇರಿಕೊಂಡು ದಾರಿ ತಪ್ಪಿಸುತ್ತವೆ. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ಗಾಡಿ ಮಟ್ಟಸವಾದ ಜಾಗದಲ್ಲಿರಲಿ, ನೀವು ದಿನಾ ಓಡಿಸುವಾಗ ಇರುವ ಸಾಮಾನು ಅದರಲ್ಲಿರಲಿ, ಟ್ಯಾಂಕ್ ಅರ್ಧಕ್ಕಿಂತ ಜಾಸ್ತಿ ಇರಲಿ. ನಾಲ್ಕೂ ಚಕ್ರದ ಅಳತೆ ಬರೆದುಕೊಳ್ಳಿ. ಆಮೇಲೆ ಚಾಸಿಗೆ ಜಾಕ್ ಕೊಟ್ಟು ಮುಂದಿನ ಎರಡೂ ಚಕ್ರ ನೇತಾಡುವಷ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ನಿಮ್ಮ ಡ್ರೂಪ್. ಒಂದೇ ಚಕ್ರ ಎತ್ತಿ ಅಳೆದರೆ ಸ್ಟೆಬಿಲೈಸರ್ ಬಾರ್ ಹಿಡಿದುಕೊಂಡು ತಪ್ಪು ಲೆಕ್ಕ ಬರುತ್ತದೆ. ಚಕ್ರದ ಒಟ್ಟು ಓಡಾಟದಲ್ಲಿ ಮೂರನೇ ಒಂದು ಭಾಗವಾದರೂ ಕೆಳಮುಖಕ್ಕೆ ಇರಬೇಕು. ಒಟ್ಟು 200 ಮಿ.ಮೀ. ಓಡಾಟವಿರುವ ಗಾಡಿಯಲ್ಲಿ 65ರಿಂದ 80 ಮಿ.ಮೀ. ಡ್ರೂಪ್ ಸಿಕ್ಕರೆ ನನಗೆ ಸಮಾಧಾನ. 45 ಅಂದರೆ ಕಡಿಮೆಯೇ ಆಯಿತು.

ರಿಂಗ್ ತಿರುಗಿಸುವುದು ಯಾವತ್ತೂ ಚಕ್ರ ನೇತಾಡುವಾಗ, ಅಂದರೆ ಗಾಡಿಯ ತೂಕ ಸ್ಪ್ರಿಂಗ್ ಮೇಲೆ ಇಲ್ಲದಾಗ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಬೇಕೇ ಬೇಕು. ಥ್ರೆಡ್ ಮೇಲಿನ ಮಣ್ಣನ್ನು ಬ್ರಷ್‌ನಿಂದ ಪೂರ್ತಿ ತೆಗೆದು, ಒಂದಿಷ್ಟು ಸಿಲಿಕಾನ್ ಸ್ಪ್ರೇ ಹೊಡೆಯಿರಿ. ಅಲ್ಯುಮಿನಿಯಂ ಥ್ರೆಡ್‌ನಲ್ಲಿ ಒಂದು ಮರಳಿನ ಕಣ ಸಿಕ್ಕರೆ ರಿಂಗ್ ಅಲ್ಲೇ ಕಚ್ಚಿಕೊಳ್ಳುತ್ತದೆ, ಆಮೇಲೆ ಶಾಕ್‌ನ ಇಡೀ ಬಾಡಿಯೇ ಹಾಳು. ಲಾಕ್ ಬೋಲ್ಟ್ ಅಥವಾ ಲಾಕ್ ರಿಂಗ್ ಸಡಿಲಿಸುವುದನ್ನು ಮರೆತು ಬಲ ಹಾಕುವವರನ್ನು ನೋಡಿದ್ದೇನೆ, ಹಾಗೆ ಮಾಡಬೇಡಿ. ಕೊಕ್ಕೆಯಂಥ ಬಾಯಿ ಇರುವ ಸಿ-ಸ್ಪ್ಯಾನರ್ ಬಳಸಿ. ಸುತ್ತಿಗೆ, ಉಳಿ ಇಟ್ಟು ಹೊಡೆಯುವ ಪದ್ಧತಿ ದಯವಿಟ್ಟು ಬೇಡ. ರಿಂಗ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದುಕೊಂಡರೆ ಸುತ್ತುಗಳನ್ನು ಎಣಿಸಲು ಸುಲಭ. ಇನ್ನು ಶಾಕ್ ತುದಿಯ ನಡುವಿನ ನಟ್ ಇದೆಯಲ್ಲ, ಸ್ಪ್ರಿಂಗ್ ಒತ್ತಿಕೊಂಡಿರುವಾಗ ಅದನ್ನು ಮುಟ್ಟಲೇಬೇಡಿ. ಅದನ್ನು ಬಿಚ್ಚಿದರೆ ಸ್ಪ್ರಿಂಗ್ ಗುಂಡಿನಂತೆ ಸಿಡಿದು ಪ್ರಾಣ ತೆಗೆಯಬಹುದು.

ನಿಮ್ಮ ಕಾಯಿಲ್‌ಓವರ್‌ನಲ್ಲಿ ಥ್ರೆಡ್ ರಿಂಗ್ ಬದಲು ಗ್ರೂವ್‌ಗಳಲ್ಲಿ ಕೂರುವ ಸ್ನ್ಯಾಪ್ ರಿಂಗ್ ಇದ್ದರೆ ಗಾಡಿಯಲ್ಲಿಟ್ಟೇ ಮಾಡುವ ಕೆಲಸವಲ್ಲ ಅದು. ಬಿಚ್ಚಿ, ಸ್ಪ್ರಿಂಗ್ ಕಂಪ್ರೆಸರ್ ಇರುವವರ ಕೈಗೆ ಕೊಡಿ.

ನೆನಪಿರಲಿ, ರಿಂಗ್‌ನ 10 ಮಿ.ಮೀ. ಚಕ್ರದ ಬಳಿ ಸುಮಾರು 18 ಮಿ.ಮೀ. ಆಗುತ್ತದೆ. ಇಳಿಸಿದ ಕೂಡಲೇ ಅಳೆಯಬೇಡಿ. ಜಾಕ್ ತೆಗೆದ ಮೇಲೆ ಟೈರ್‌ಗಳು ಅಗಲಕ್ಕೆ ಸರಿಯಲಾಗದೆ ಗಾಡಿ ಸ್ವಲ್ಪ ಎತ್ತರದಲ್ಲೇ ನಿಂತಿರುತ್ತದೆ. ಒಂದು ಸುತ್ತು ಓಡಿಸಿ ಬಂದು ಅಳೆಯಿರಿ. ಎಡಬಲ ಎರಡೂ ಕಡೆ ರಿಂಗ್ ಒಂದೇ ಜಾಗದಲ್ಲಿ ಇರಬೇಕೆಂದೇನಿಲ್ಲ. ಬ್ಯಾಟರಿ, ಇಂಧನ ಟ್ಯಾಂಕ್, ಡ್ರೈವರ್ ತೂಕ ಒಂದೊಂದು ಕಡೆ ಇರುತ್ತವೆ. ಗಾಡಿ ಮಟ್ಟಸವಾಗಿ ನಿಲ್ಲುವುದು ಮುಖ್ಯ.

ಇದೇ ಹೊತ್ತಿಗೆ ಇನ್ನೊಂದು ಕೆಲಸ ಮಾಡಿ. ನನ್ನ ಪ್ರಕಾರ ಹೊಸ ಸಸ್ಪೆನ್ಷನ್ ಗಡುಸಾಗಲು ಇದು ಪ್ರೀಲೋಡ್ ನಂತರದ ಎರಡನೇ ದೊಡ್ಡ ಕಾರಣ. ಕಂಟ್ರೋಲ್ ಆರ್ಮ್‌ಗಳ ರಬ್ಬರ್ ಬುಷ್‌ಗಳಲ್ಲಿ ಹೆಚ್ಚಿನವು ಜಾರುವುದಿಲ್ಲ, ತಿರುಚಿಕೊಳ್ಳುತ್ತವೆ. ಒಳಗಿನ ಕೊಳವೆಯನ್ನು ಬೋಲ್ಟ್ ಕಚ್ಚಿ ಹಿಡಿದಿರುತ್ತದೆ, ಹೊರಗಿನದು ಆರ್ಮ್ ಜೊತೆ ತಿರುಗುತ್ತದೆ, ನಡುವಿನ ರಬ್ಬರ್ ಮುರಿಗೆಯಾಗುತ್ತದೆ. ಫಿಟ್ ಮಾಡುವಾಗ ಗಾಡಿ ಲಿಫ್ಟ್ ಮೇಲಿರುತ್ತದೆ, ಆರ್ಮ್ ಪೂರ್ತಿ ಕೆಳಗೆ ನೇತಾಡುತ್ತಿರುತ್ತದೆ. ಆ ಸ್ಥಿತಿಯಲ್ಲೇ ಬೋಲ್ಟ್ ಬಿಗಿದರೆ ರಬ್ಬರ್‌ಗೆ ನೇತಾಡುವುದೇ ಮಾಮೂಲಿ ಸ್ಥಿತಿ. ಗಾಡಿ ನೆಲಕ್ಕಿಳಿದಾಗಿನಿಂದ ಅದು ತಿರುಚಿಕೊಂಡೇ ಇರುತ್ತದೆ. ಅದೂ ಒಂದು ಸ್ಪ್ರಿಂಗ್‌ನಂತೆ ಗಾಡಿಯನ್ನು ಎತ್ತುತ್ತಾ, ಸಣ್ಣ ಏಟುಗಳನ್ನು ಬಾಡಿಗೆ ದಾಟಿಸುತ್ತಾ, ಬೇಗ ಹರಿದೂ ಹೋಗುತ್ತದೆ. ಪರಿಹಾರ ಸುಲಭ. ಗಾಡಿ ತನ್ನ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ ಆರ್ಮ್‌ಗಳ ಬೋಲ್ಟ್‌ಗಳನ್ನು, ರಬ್ಬರ್ ಬುಷ್ ಇದ್ದರೆ ಶಾಕ್‌ನ ಕೆಳಬೋಲ್ಟನ್ನೂ, ಸಡಿಲಿಸಿ, ಗಾಡಿಯನ್ನು ಮೂತಿ ಒತ್ತಿ ಒಂದೆರಡು ಸಲ ಕುಲುಕಿ, ಕಂಪನಿ ಹೇಳಿದ ಟಾರ್ಕ್‌ಗೆ ಮತ್ತೆ ಬಿಗಿಯಿರಿ. ಕೆಳ ಆರ್ಮ್‌ನ ಬೋಲ್ಟ್‌ಗಳಲ್ಲಿ ಅಲೈನ್‌ಮೆಂಟ್ ಕ್ಯಾಮ್ ಇರುವ ಗಾಡಿಯಾದರೆ ಈ ಕೆಲಸವನ್ನು ಅಲೈನ್‌ಮೆಂಟ್ ಮಾಡಿಸುವಾಗಲೇ ಮಾಡಿಸುವುದು ಒಳ್ಳೆಯದು. ರಿಂಗ್ ತಿರುಗಿಸಿ ಎತ್ತರ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ಟೈರ್ ಗಾಳಿಯನ್ನೂ ನೋಡಿಬಿಡಿ. ಕಾಯಿಲ್‌ಓವರ್ ಜೊತೆಗೆ ದಪ್ಪ ಪ್ಲೈನ ಆಫ್‌ರೋಡ್ ಟೈರ್ ಹಾಕಿಸುವುದು ವಾಡಿಕೆ, ಅದಕ್ಕೆ ಅಂಗಡಿಯವರು ಕೈಗೆ ಬಂದಷ್ಟು ಗಾಳಿ ತುಂಬಿರುತ್ತಾರೆ. ಚೂಪಾದ ಸಣ್ಣ ಅಂಚುಗಳಿಗೆ ಮೊದಲ ಸ್ಪ್ರಿಂಗ್ ಟೈರೇ. ಕಂಪನಿಯ ಅಳತೆಯ ಟೈರೇ ಇದ್ದರೆ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ನೋಡಿ ಅಷ್ಟೇ ಇಡಿ. ಬೇರೆ ಬಗೆಯ ಟೈರಾದರೆ ಅದರ ಲೋಡ್ ಟೇಬಲ್ ಪ್ರಕಾರ ನಿಮ್ಮ ಭಾರಕ್ಕೆ ಬೇಕಾದ ಗಾಳಿಗಿಂತ ಕೆಳಗೆ ಹೋಗದೆ, ಒಂದು ಸಲಕ್ಕೆ 2 ಪಿ.ಎಸ್.ಐ. ಇಳಿಸುತ್ತಾ ಓಡಿಸಿ ನೋಡಿ. ಟೈರ್ ತಣ್ಣಗಿದ್ದಾಗ ಅಳೆಯಿರಿ. ಗಾಳಿ ಜಾಸ್ತಿ ಇರುವ ಟೈರ್ ಇಟ್ಟುಕೊಂಡು ಶಾಕ್ ಟ್ಯೂನ್ ಮಾಡಲು ಕೂತರೆ ಆ ಕೆಲಸ ಮುಗಿಯುವುದೇ ಇಲ್ಲ.

ಈಗ ನಾಬ್‌ಗಳು

ನಿಮ್ಮಲ್ಲಿ ಎರಡು ನಾಬ್ ಇವೆ ಅಂದಿರಿ. ಅವು ಯಾವ ಎರಡು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಎರಡೂ ಪಕ್ಕದ ಡಬ್ಬಿಯ, ಅಂದರೆ ರಿಸರ್ವಾಯರ್‌ನ ತುದಿಯಲ್ಲಿದ್ದರೆ ಸಾಮಾನ್ಯವಾಗಿ ಅವೆರಡೂ ಕಂಪ್ರೆಷನ್‌ಗೇ, ಅಂದರೆ ಶಾಕ್ ಕುಗ್ಗುವಾಗ ಸಿಗುವ ತಡೆಗೇ, ಸೇರಿದವು, ಒಂದು ಲೋ-ಸ್ಪೀಡ್, ಇನ್ನೊಂದು ಹೈ-ಸ್ಪೀಡ್. ಒಂದು ಡಬ್ಬಿಯ ಮೇಲೂ ಇನ್ನೊಂದು ರಾಡ್‌ನ ತುದಿಯ ಹತ್ತಿರವೂ ಇದ್ದರೆ ಎರಡನೆಯದು ರಿಬೌಂಡ್, ಅಂದರೆ ಶಾಕ್ ವಾಪಸು ಚಾಚುವಾಗಿನ ತಡೆ, ಆಗಿರುವ ಸಂಭವ ಹೆಚ್ಚು. ಶಾಕ್ ಜೊತೆ ಬಂದ ಪುಸ್ತಕದಲ್ಲಿ ಇದು ಇರುತ್ತದೆ, ಒಮ್ಮೆ ತೆಗೆದು ನೋಡಿ.

ಈ ಲೋ-ಸ್ಪೀಡ್, ಹೈ-ಸ್ಪೀಡ್ ಅನ್ನುವುದು ಗಾಡಿಯ ವೇಗವಲ್ಲ. ಶಾಕ್‌ನ ರಾಡ್ ಒಳಹೊರಗೆ ಓಡುವ ವೇಗ. ಬ್ರೇಕ್ ಹಾಕಿದಾಗ ಮೂತಿ ಬಾಗುವುದು, ತಿರುವಿನಲ್ಲಿ ಬಾಡಿ ವಾಲುವುದು, ಹೆದ್ದಾರಿಯ ಉದ್ದನೆಯ ಏರಿಳಿತದಲ್ಲಿ ತೇಲುವುದು, ಇವೆಲ್ಲ ರಾಡ್ ನಿಧಾನಕ್ಕೆ ಸರಿಯುವ ಸಂದರ್ಭಗಳು. 30 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೂ ಕಿತ್ತುಹೋದ ಡಾಂಬರಿನ ಅಂಚಿಗೆ ಚಕ್ರ ಬಡಿದರೆ ರಾಡ್ ಜೋರಾಗಿ ನುಗ್ಗುತ್ತದೆ, ಅದು ಹೈ-ಸ್ಪೀಡ್. ಇದು ತಲೆಯಲ್ಲಿ ಕೂತರೆ ಅರ್ಧ ಗೊಂದಲ ಕಳೆಯುತ್ತದೆ. ನೀವು ಎಲ್ಲವನ್ನೂ ಸಾಫ್ಟ್ ಮಾಡಿದಾಗ ತೇಲಾಟ ಶುರುವಾದದ್ದು ಯಾಕೆ ಅಂದರೆ ಬಾಡಿಯನ್ನು ಹಿಡಿದಿಡುವ ತಡೆಯೇ ಹೋಯಿತು. ಏಟು ಹೋಗದಿದ್ದದ್ದು ಯಾಕೆ ಅಂದರೆ ಅದು ಶಾಕ್‌ನಿಂದ ಬರುತ್ತಲೇ ಇರಲಿಲ್ಲ.

ನಾಬ್ ಎಣಿಸುವ ಕ್ರಮ ಹೀಗೆ. ಗಡಿಯಾರದ ಮುಳ್ಳಿನ ದಿಕ್ಕಿಗೆ ನಿಧಾನವಾಗಿ ತಿರುಗಿಸಿ ಪೂರ್ತಿ ಮುಚ್ಚಿ. ಹೆಚ್ಚಿನ ಶಾಕ್‌ಗಳಲ್ಲಿ ಇದೇ ಗಟ್ಟಿಯ ಕೊನೆ. ಅಲ್ಲಿ ನಿಂತ ಮೇಲೆ ಬಲ ಹಾಕಬೇಡಿ, ಒಳಗಿನ ಸೂಜಿ ಹಾಳಾಗುತ್ತದೆ. ಅಲ್ಲಿಂದ ಹಿಂದಕ್ಕೆ ಒಂದೊಂದೇ ಕ್ಲಿಕ್ ಎಣಿಸುತ್ತಾ ಬನ್ನಿ. ಒಟ್ಟು ಎಷ್ಟಿವೆಯೋ ಅದರ ನಡುವೆ ನಿಲ್ಲಿಸಿ, ಹೈ-ಸ್ಪೀಡ್ ನಾಬ್ ಮಾತ್ರ ಸಾಫ್ಟ್ ತುದಿಯಲ್ಲಿರಲಿ. ಎಡಬಲ ಎರಡೂ ಒಂದೇ ಇರಲಿ. ಕಂಪನಿ ಒಂದು ಆರಂಭದ ಸಂಖ್ಯೆ ಕೊಟ್ಟಿದ್ದರೆ ನಡುವಿನ ಬದಲು ಅಲ್ಲಿಂದ ಶುರುಮಾಡಿ. ನೀವು ‘ಎಷ್ಟು ಕ್ಲಿಕ್’ ಅಂತ ಕೇಳಿದಿರಿ, ಆದರೆ ಒಂದು ಕಂಪನಿಯ 4 ಕ್ಲಿಕ್ ಇನ್ನೊಂದು ಕಂಪನಿಯ 8ಕ್ಕೆ ಸಮ ಇರಬಹುದು. ಅಷ್ಟೇ ಅಲ್ಲ, ಒಂದೇ ಶಾಕ್‌ನಲ್ಲೂ ಎಲ್ಲ ಕ್ಲಿಕ್ ಒಂದೇ ತೂಕದವಲ್ಲ. ಮುಚ್ಚಿದ ತುದಿಯ ಹತ್ತಿರ ಒಂದು ಕ್ಲಿಕ್ ಮಾಡುವ ವ್ಯತ್ಯಾಸ ತೆರೆದ ತುದಿಯಲ್ಲಿ ಮೂರು ಕ್ಲಿಕ್ ಮಾಡಿದರೂ ಆಗುವುದಿಲ್ಲ.

ಒಂದೇ ರಸ್ತೆ ಆರಿಸಿಕೊಳ್ಳಿ. ಅದರಲ್ಲಿ ಚೂಪಾದ ಅಂಚಿನ ಗುಂಡಿ, ಒಂದು ಹಂಪ್, ಸ್ವಲ್ಪ ಸಾಲು ಉಬ್ಬುಗಳ ಮಣ್ಣಿನ ಹಾದಿ, ಒಂದು ಉದ್ದನೆಯ ಏರಿಳಿತ ಇದ್ದರೆ ಸಾಕು. ಒಂದಿಷ್ಟು ದೂರ ಓಡಿಸಿ ಶಾಕ್ ಬೆಚ್ಚಗಾದ ಮೇಲೆ ಪರೀಕ್ಷೆ ಶುರುಮಾಡಿ, ತಣ್ಣಗಿನ ಎಣ್ಣೆ ಗಟ್ಟಿ ಇರುತ್ತದೆ. ಒಂದು ಸಲಕ್ಕೆ ಒಂದೇ ನಾಬ್. ಪ್ರತಿ ಸಲ ಅದೇ ವೇಗ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗಲ್ಲ.

ರಿಬೌಂಡ್ ನಾಬ್ ಇದ್ದರೆ ಮೊದಲು ಅದನ್ನು ಹಿಡಿಯಿರಿ. ಕುಗ್ಗಿದ ಸ್ಪ್ರಿಂಗ್ ಎಷ್ಟು ಬೇಗ ವಾಪಸು ಚಾಚಬೇಕು ಅನ್ನುವುದನ್ನು ಅದು ನಿಯಂತ್ರಿಸುತ್ತದೆ. ಹಂಪ್ ಇಳಿದ ಮೇಲೆ ಗಾಡಿಯ ಮೂತಿ ಒಮ್ಮೆ ಮೇಲೆದ್ದು ಕೂತು ಸುಮ್ಮನಾಗಬೇಕು. ಎರಡು ಮೂರು ಸಲ ಕುಣಿದರೆ ರಿಬೌಂಡ್ ಕಡಿಮೆಯಾಗಿದೆ, ಎರಡು ಕ್ಲಿಕ್ ಗಟ್ಟಿ ಮಾಡಿ. ಇದು ಎಲ್ಲರಿಗೂ ಅರ್ಥವಾಗುತ್ತದೆ. ಎಡವುವುದು ಉಲ್ಟಾ ಬದಿಯಲ್ಲಿ. ರಿಬೌಂಡ್ ಜಾಸ್ತಿಯಾದಾಗ ಚಕ್ರ ಒಂದು ಉಬ್ಬಿಗೆ ಮೇಲೆ ಹೋಗಿ, ಕೆಳಗೆ ಬರುವುದು ತಡವಾಗುತ್ತದೆ. ಅಷ್ಟರಲ್ಲಿ ಮುಂದಿನ ಉಬ್ಬು ಬಂದು ಮತ್ತೆ ಮೇಲೆ ತಳ್ಳುತ್ತದೆ. ಸಾಲು ಉಬ್ಬುಗಳ ಮೇಲೆ ನಾಲ್ಕೈದು ಉಬ್ಬು ದಾಟುವಷ್ಟರಲ್ಲಿ ಸಸ್ಪೆನ್ಷನ್ ಕುಗ್ಗಿಕೊಂಡು ಬಂಪ್ ಸ್ಟಾಪ್, ಅಂದರೆ ಕುಗ್ಗುವಿಕೆಯನ್ನು ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿನ ಹತ್ತಿರ ಬಂದು ಕೂತಿರುತ್ತದೆ. ಆಗ ಗಾಡಿ ಕಲ್ಲಿನಂತೆ ಬಡಿಯುತ್ತದೆ. ಓಡಿಸುವವರಿಗೆ ಕಂಪ್ರೆಷನ್ ಗಟ್ಟಿ ಇದೆ ಅನ್ನಿಸುತ್ತದೆ, ಅದನ್ನು ಸಾಫ್ಟ್ ಮಾಡುತ್ತಾರೆ, ಸಸ್ಪೆನ್ಷನ್ ಇನ್ನೂ ಬೇಗ ಕುಗ್ಗಿ ಇನ್ನೂ ಜೋರಾಗಿ ಬಡಿಯುತ್ತದೆ. ಗುರುತು ಹಿಡಿಯುವುದು ಹೇಗೆ? ಮೊದಲ ಉಬ್ಬು ಪರವಾಗಿಲ್ಲ, ಹೋಗ್ತಾ ಹೋಗ್ತಾ ಬಿಗಿಯಾಗುತ್ತದೆ ಅಂದರೆ ಅದು ರಿಬೌಂಡ್. ಮೊದಲ ಉಬ್ಬಿಗೇ ಹೊಡೆದರೆ ಕಂಪ್ರೆಷನ್ ಅಥವಾ ಟೈರ್. ಕುಣಿತ ನಿಲ್ಲುವಷ್ಟು ಮಾತ್ರ ರಿಬೌಂಡ್ ಇಟ್ಟು, ಅದಕ್ಕಿಂತ ಒಂದು ಕ್ಲಿಕ್ ಕೂಡ ಜಾಸ್ತಿ ಕೊಡದಿರುವುದು ನನ್ನ ಪದ್ಧತಿ.

ಕಂಪ್ರೆಷನ್ ಇದಕ್ಕೆ ಹೋಲಿಸಿದರೆ ಸರಳ. ಲೋ-ಸ್ಪೀಡ್ ನಾಬನ್ನು ಬ್ರೇಕ್ ಹಾಕಿದಾಗ ಮೂತಿ ಧಬಕ್ಕನೆ ಬಾಗದಷ್ಟು, ಹೆದ್ದಾರಿಯಲ್ಲಿ ತೇಲದಷ್ಟು ಇಡಿ. ಜಾಸ್ತಿಯಾದರೆ ನುಣ್ಣನೆಯ ರಸ್ತೆಯಲ್ಲೂ ಗಾಡಿ ಸಣ್ಣಗೆ ನಡುಗುತ್ತಾ ಹೋಗುತ್ತದೆ, ರಸ್ತೆಯ ಒಂದೊಂದು ತೇಪೆಯೂ ಸೀಟಿಗೆ ತಿಳಿಯುತ್ತದೆ. ಹೈ-ಸ್ಪೀಡ್ ನಾಬನ್ನು ಸಾಫ್ಟ್ ತುದಿಯಿಂದ ಶುರುಮಾಡಿ, ಹಂಪ್‌ನಲ್ಲಿ ಬಂಪ್ ಸ್ಟಾಪ್‌ಗೆ ಬಡಿಯುವುದು ನಿಲ್ಲುವವರೆಗೆ ಮಾತ್ರ ಏರಿಸಿ. ಬಡಿಯುತ್ತಿದೆಯೋ ಇಲ್ಲವೋ ಗೊತ್ತಾಗಲು ಶಾಕ್‌ನ ರಾಡ್‌ಗೆ ಒಂದು ತೆಳು ಕೇಬಲ್ ಟೈ ಹಿತವಾಗಿ ಬಿಗಿದು, ಸೀಲ್ ಹತ್ತಿರಕ್ಕೆ ಸರಿಸಿಬಿಡಿ. ಓಡಿಸಿ ಬಂದಾಗ ಅದು ಎಲ್ಲಿಗೆ ಸರಿದಿದೆ ಅನ್ನುವುದೇ ಶಾಕ್ ಎಷ್ಟು ಒಳಗೆ ಹೋಗಿತ್ತು ಅನ್ನುವುದಕ್ಕೆ ಸಾಕ್ಷಿ. ತಿಂಗಳಿಗೊಮ್ಮೆ ಸಿಗುವ ದೊಡ್ಡ ಗುಂಡಿಗೆ ಪೂರ್ತಿ ಒಳಗೆ ಹೋದರೆ ತಪ್ಪೇನಿಲ್ಲ. ಇರುವ ಓಡಾಟವನ್ನು ಬಳಸಲಿಕ್ಕೇ ಅಲ್ವಾ ಇಷ್ಟು ದುಡ್ಡು ಹಾಕಿದ್ದು? ದಿನಾ ಬಳಸುವ ಹಾದಿಯಲ್ಲಿ ಅರ್ಧವೂ ಬಳಕೆಯಾಗದಿದ್ದರೆ ಗಟ್ಟಿ ಇಟ್ಟಿದ್ದೀರಿ ಅಂತ ಅರ್ಥ.

ನಿಮ್ಮಲ್ಲಿ ರಿಬೌಂಡ್ ನಾಬ್ ಇಲ್ಲದೆ, ಎರಡೂ ಕಂಪ್ರೆಷನ್ ನಾಬ್‌ಗಳೇ ಆಗಿದ್ದರೆ, ಈಗಿನ ತೇಲಾಟಕ್ಕೆ ಲೋ-ಸ್ಪೀಡನ್ನು ನಡುಮಟ್ಟಕ್ಕೆ ತಂದರೆ ಬಹುಪಾಲು ಸರಿಹೋಗುತ್ತದೆ. ಹೈ-ಸ್ಪೀಡ್ ಸದ್ಯಕ್ಕೆ ಸಾಫ್ಟ್‌ನಲ್ಲೇ ಇರಲಿ.

ಹಿಂಭಾಗ ಬಿಟ್ಟು ಮುಂಭಾಗ ಸರಿಯಾಗಲ್ಲ

ಟೊಯೋಟಾ ಹೈಲಕ್ಸ್, ಫೋರ್ಡ್ ರೇಂಜರ್, ಇಸುಜು ಡಿ-ಮ್ಯಾಕ್ಸ್‌ನಂಥ ಪಿಕಪ್‌ಗಳಲ್ಲಿ ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್. ಹಿಂದಿನದನ್ನು ಮಾಡಿರುವುದು ಒಂದು ಟನ್ ಆಸುಪಾಸಿನ ಭಾರ ಹೊರಲಿಕ್ಕೆ. ಖಾಲಿ ಗಾಡಿಯಲ್ಲಿ ಅದು ಎಗರಿಸುವುದು ಸಹಜ. ಎಷ್ಟೋ ಸಲ ಡ್ರೈವರ್‌ಗೆ ಅನ್ನಿಸುವ ಏಟು ಬರುವುದು ಮುಂದಿನಿಂದಲ್ಲ, ಹಿಂದಿನಿಂದ. ಹಿಂದಿನ ಆಕ್ಸಲ್ ಉಬ್ಬಿಗೆ ಹೊಡೆದಾಗ ಗಾಡಿ ಮೂತಿಯ ಕಡೆಗೆ ಮುಗ್ಗರಿಸುತ್ತದೆ, ಆ ಕುಲುಕಾಟ ಸ್ಟೀರಿಂಗ್‌ವರೆಗೂ ಬರುತ್ತದೆ. ಹಂಪ್ ದಾಟುವಾಗ ಗಮನವಿಟ್ಟು ನೋಡಿ. ಮುಂದಿನ ಚಕ್ರ ದಾಟುವಾಗ ಜಾಸ್ತಿಯೋ, ಹಿಂದಿನದು ದಾಟುವಾಗ ಜಾಸ್ತಿಯೋ? ಹಿಂದೆ ಅಂತಾದರೆ ಕಾಯಿಲ್‌ಓವರ್ ಮುಟ್ಟಿ ಪ್ರಯೋಜನವಿಲ್ಲ.

1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನಲ್ಲಿದ್ದ ಮಾರಿಸ್ ಆಲಿ ಎಂಬ ಎಂಜಿನಿಯರ್ ಈ ವಿಷಯದಲ್ಲಿ ಒಂದು ಒಳ್ಳೆಯ ಸೂತ್ರ ಕೊಟ್ಟರು. ಮುಂಭಾಗದ ಏರಿಳಿತ ನಿಧಾನ ಇರಬೇಕು, ಹಿಂಭಾಗದ್ದು ಸ್ವಲ್ಪ ಚುರುಕಾಗಿರಬೇಕು. ಉಬ್ಬು ಮೊದಲು ಸಿಗುವುದು ಮುಂದಿನ ಚಕ್ರಕ್ಕೆ. ಎರಡೂ ಆಕ್ಸಲ್‌ಗಳ ನಡುವೆ 3.1 ಮೀಟರ್ ಇದ್ದು ಗಾಡಿ 80 ಕಿ.ಮೀ. ವೇಗದಲ್ಲಿದ್ದರೆ ಹಿಂದಿನ ಚಕ್ರಕ್ಕೆ ಅದೇ ಉಬ್ಬು ಸಿಗುವುದು 0.14 ಸೆಕೆಂಡ್ ತಡವಾಗಿ. ಹಿಂದಿನದು ಚುರುಕಾಗಿದ್ದರೆ ಮುಂದಿನದನ್ನು ಹಿಡಿದುಬಿಡುತ್ತದೆ, ಗಾಡಿ ಮುಂದೆ ಹಿಂದೆ ತೂಗದೆ ಒಟ್ಟಾಗಿ ಏರಿ ಒಟ್ಟಾಗಿ ಇಳಿಯುತ್ತದೆ. ಒಟ್ಟಾಗಿ ಏರಿಳಿಯುವುದನ್ನು ನಮ್ಮ ಮೈ ಸಹಿಸಿಕೊಳ್ಳುತ್ತದೆ, ತಲೆ ಹಿಂದಕ್ಕೂ ಮುಂದಕ್ಕೂ ತೂಗುವುದನ್ನು ಸಹಿಸುವುದಿಲ್ಲ. ಹಾಗಾಗಿ ಮುಂದೆ ತೀರಾ ಗಟ್ಟಿ ಸ್ಪ್ರಿಂಗ್ ಹಾಕಿಸುವ ಆಸೆ ಬೇಡ.

ಹಿಂದೆ ಮಾಡಬಹುದಾದ ಕೆಲಸ ಕಡಿಮೆ. ಖಾಲಿ ಓಡಿಸುವಾಗ ಹಿಂದಿನ ಟೈರ್‌ಗಳಲ್ಲಿ ಭಾರದ ಗಾಳಿ ಬಿಟ್ಟಿದ್ದರೆ ಕಂಪನಿಯ ಖಾಲಿ ಗಾಡಿಯ ಮಟ್ಟಕ್ಕೆ ಇಳಿಸಿ. ಲೀಫ್ ಪಟ್ಟಿಗಳ ನಡುವಿನ ತುಕ್ಕು, ಮಣ್ಣು ತೆಗೆಸಿ. ಪಟ್ಟಿಗಳು ಒಂದರ ಮೇಲೊಂದು ಜಾರದೆ ಕಚ್ಚಿಕೊಂಡರೆ ಸಣ್ಣ ಉಬ್ಬಿಗೆ ಸ್ಪ್ರಿಂಗ್ ಅಲುಗುವುದೇ ಇಲ್ಲ. ಲೀಫ್ ಸ್ಪ್ರಿಂಗ್ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್‌ನ ಬೋಲ್ಟ್‌ಗಳನ್ನೂ ಗಾಡಿ ನೆಲದ ಮೇಲೆ ನಿಂತಿರುವಾಗಲೇ ಬಿಗಿಯಬೇಕು. ನೀವು ಯಾವತ್ತೂ ಭಾರ ಹೊರುವುದಿಲ್ಲವಾದರೆ ಕಡಿಮೆ ಭಾರಕ್ಕೆಂದೇ ಮಾಡಿದ ಪಟ್ಟಿ ಸೆಟ್ ಹಾಕಿಸಬಹುದು. ಇರುವ ಸೆಟ್‌ನಿಂದ ಸುಮ್ನೆ ಒಂದು ಪಟ್ಟಿ ಕಿತ್ತು ಬಿಸಾಡುವುದನ್ನು ನಾನು ಒಪ್ಪುವುದಿಲ್ಲ. ಹೊರುವ ಶಕ್ತಿ ತಗ್ಗುತ್ತದೆ, ಗಾಡಿಯ ದಾಖಲೆಯಲ್ಲಿ ಮಾತ್ರ ಹಳೆಯ ಭಾರವೇ ಇರುತ್ತದೆ.

ಸ್ಪ್ರಿಂಗ್ ಬದಲಿಸಬೇಕೇ?

ಮುಂದೆ ಕಬ್ಬಿಣದ ಬಂಪರ್, ವಿಂಚ್ ಇಲ್ಲದಿದ್ದರೆ ಬಹುಶಃ ಬೇಡ. ಮೇಲಿನ ಲೆಕ್ಕದ 105 ನ್ಯೂಟನ್ ಸ್ಪ್ರಿಂಗ್ ಆರ್ಮ್‌ನ ಅನುಪಾತದ ದೆಸೆಯಿಂದ ಚಕ್ರದ ಬಳಿ ಮಿಲಿಮೀಟರಿಗೆ ಸುಮಾರು 32 ನ್ಯೂಟನ್ ಆಗಿ ಕೆಲಸ ಮಾಡುತ್ತದೆ. 500 ಕೆ.ಜಿ.ಗೆ ಅದು ಸೆಕೆಂಡಿಗೆ ಸುಮಾರು 1.3 ಸಲ ಏರಿಳಿಯುತ್ತದೆ. ಆರಾಮದ ಸವಾರಿಗೆ 1ರಿಂದ 1.5ರ ಒಳಗೆ ಇದ್ದರೆ ಸರಿ. ಬಂಪರ್, ವಿಂಚ್ ಸೇರಿ ಒಂದೊಂದು ಚಕ್ರಕ್ಕೆ 60 ಕೆ.ಜಿ. ಹೆಚ್ಚಾದರೆ ಮುಂಭಾಗ 18 ಮಿ.ಮೀ.ನಷ್ಟು ಕೂರುತ್ತದೆ. ಅದನ್ನು ರಿಂಗ್ ತಿರುಗಿಸಿ ಎತ್ತುವ ಬದಲು ಒಂದು ಹಂತ ಗಟ್ಟಿಯ ಸ್ಪ್ರಿಂಗ್ ಹಾಕಿಸಿ. ಎತ್ತರವೂ ಬರುತ್ತದೆ, ಪ್ರೀಲೋಡೂ ಕಡಿಮೆ ಇರುತ್ತದೆ. ಪ್ರೀಲೋಡ್ ತೀರಾ ಜಾಸ್ತಿಯಾದರೆ ಇನ್ನೊಂದು ಅಪಾಯವಿದೆ. ಬಂಪ್ ಸ್ಟಾಪ್ ಮುಟ್ಟುವ ಮೊದಲೇ ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಕಬ್ಬಿಣದ ಕೊಳವೆಯಂತಾಗುತ್ತವೆ. ಆಗ ಮೌಂಟ್ ಬಿರುಕು ಬಿಡಬಹುದು. ಹಾಗೆಯೇ, ಗಟ್ಟಿ ಸ್ಪ್ರಿಂಗ್ ಹಾಕಿದರೆ ಅದೇ 50 ಮಿ.ಮೀ. ಎತ್ತರದಲ್ಲಿ ಡ್ರೂಪ್ ಮರಳಿ ಸಿಗುತ್ತದೆ ಅಂದುಕೊಳ್ಳಬೇಡಿ. ಡ್ರೂಪ್ ನಿರ್ಧಾರವಾಗುವುದು ಎತ್ತರದಿಂದ ಮತ್ತು ಶಾಕ್‌ನ ಉದ್ದದಿಂದ. ಅಷ್ಟು ಎತ್ತರವೇ ಬೇಕು ಅಂದರೆ ಉದ್ದದ ಶಾಕ್, ಅದಕ್ಕೆ ಹೊಂದುವ ಮೇಲಿನ ಆರ್ಮ್ ಬೇಕಾಗುತ್ತದೆ, ಡ್ರೈವ್ ಶಾಫ್ಟ್‌ನ ಸಿವಿ ಜಾಯಿಂಟ್ ಕೋನವನ್ನೂ ಬ್ರೇಕ್ ಹೋಸ್‌ನ ಉದ್ದವನ್ನೂ ನೋಡಬೇಕಾಗುತ್ತದೆ.

ಎತ್ತರ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಳಿಸಿದರೂ ಸರಿ, ಎತ್ತಿದರೂ ಸರಿ. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದರೆ ಟೈರ್ ತಿನ್ನುತ್ತದೆ. ಎತ್ತಿದಾಗ ಕ್ಯಾಸ್ಟರ್, ಅಂದರೆ ಚಕ್ರ ಸ್ಟೀರಿಂಗ್‌ಗೆ ತಿರುಗುವ ಅಕ್ಷದ ಹಿಂದಕ್ಕಿನ ವಾಲು, ಕಡಿಮೆಯಾಗಿ ಗಾಡಿ ನೇರ ಹೋಗದೆ ಅಲೆದಾಡುವುದೂ ಉಂಟು. ಹೆದ್ದಾರಿಯಲ್ಲಿ ನಿಮಗೆ ಅನ್ನಿಸಿದ ತೇಲಾಟದಲ್ಲಿ ಇದರ ಪಾಲೂ ಇರಬಹುದು. ಹೆಡ್‌ಲೈಟ್ ಮಟ್ಟವನ್ನೂ ಸರಿಮಾಡಿಸಿ. ಗಾಜಿನ ಹಿಂದೆ ಕ್ಯಾಮೆರಾ ಇರುವ ಹೊಸ ಗಾಡಿಯಾದರೆ ಅದನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಬೇಕೇ ಅಂತ ಕಂಪನಿಯ ಸರ್ವೀಸ್‌ನಲ್ಲಿ ಕೇಳಿ.

ಇಷ್ಟೆಲ್ಲ ಮಾಡಿ, ಡ್ರೂಪ್ 70 ಮಿ.ಮೀ. ಹತ್ತಿರ ಇದ್ದು, ಬುಷ್, ಟೈರ್ ಸರಿಯಿದ್ದು, ನಾಬ್ ಪೂರ್ತಿ ಸಾಫ್ಟ್‌ನಲ್ಲಿದ್ದೂ ಚೂಪು ಅಂಚಿಗೆ ಏಟು ಬರುತ್ತಿದ್ದರೆ, ಆಗ ಶಾಕ್‌ನ ಒಳಗಿನ ವಾಲ್ವಿಂಗ್ ನಿಮ್ಮ ಗಾಡಿಯ ತೂಕಕ್ಕೆ ಗಟ್ಟಿಯಾಯಿತು ಅಂತ ಅರ್ಥ. ಹೊರಗಿನ ನಾಬ್ ಒಂದಿಷ್ಟು ಎಣ್ಣೆಯ ದಾರಿಯನ್ನು ಮಾತ್ರ ಬದಲಿಸುತ್ತದೆ, ಪಿಸ್ಟನ್ ಮೇಲಿನ ತೆಳು ಉಕ್ಕಿನ ಶಿಮ್‌ಗಳನ್ನು ಅದು ಮುಟ್ಟುವುದಿಲ್ಲ. ಬಿಚ್ಚಿ ರಿಪೇರಿ ಮಾಡಬಹುದಾದ ಶಾಕ್ ಆದರೆ ಅನುಭವಿ ಶಾಕ್ ವರ್ಕ್‌ಶಾಪ್‌ನಲ್ಲಿ ಕಂಪ್ರೆಷನ್ ಶಿಮ್‌ಗಳನ್ನು ಒಂದು ಹಂತ ತೆಳುವಾಗಿಸಿ ಮತ್ತೆ ನೈಟ್ರೋಜನ್ ತುಂಬಿಸಿ ಕೊಡುತ್ತಾರೆ. ಹೋಗುವಾಗ ಮುಂದಿನ ಆಕ್ಸಲ್‌ನ ತೂಕ, ಸ್ಪ್ರಿಂಗ್ ಮೇಲಿನ ಅಂಕಿ, ನಿಮ್ಮ ಡ್ರೂಪ್ ಅಳತೆ, ಈಗಿನ ಕ್ಲಿಕ್ ಸಂಖ್ಯೆ ಬರೆದುಕೊಂಡು ಹೋಗಿ. ಅವರು ಮೊದಲು ಕೇಳುವುದೇ ಅದನ್ನು.